ನಿತ್ಯಬದುಕಿನ ಚೆಲುವು ಮತ್ತು ಕುಟುಂಬದ ಛಾಯಾಚಿತ್ರ: ಬಾಳೆಲೆ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹಾಡು, ಕಥೆ, ಆಚರಣೆಗಳಿಗೆ ಜಾನಪದ ಅಧ್ಯಯನವು ಕೊಟ್ಟಷ್ಟು ಗಮನವನ್ನು ಮನೆಯ ಗೋಡೆಯ ಮೇಲಿನ ಛಾಯಾಚಿತ್ರಗಳಿಗೆ ಕೊಟ್ಟಿಲ್ಲ. ಕುಟುಂಬವೊಂದು ತನ್ನನ್ನು ತಾನು ಹೇಗೆ ಕಾಣಬಯಸುತ್ತದೆ ಎಂಬುದನ್ನು ತಿಳಿಯಲು ಅವು ನೇರವಾದ ಆಕರಗಳು. ಕಾಫಿ ತೋಟ ಹಾಗೂ ಗದ್ದೆಗಳ ನಡುವಿನ, ಕೊಡಗಿನ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಬಾಳೆಲೆಯ ಪರಿಸರವು ಈ ಪರಿಶೀಲನೆಗೆ ತಕ್ಕ ನೆಲೆಯಾಗಿದೆ.

ಐನ್‌ಮನೆಯು ಕೊಡವ ಒಕ್ಕದ ಮೂಲಮನೆ. ಪಿತೃವಂಶೀಯವಾದ ಈ ಒಕ್ಕದ ಮಹತ್ವವನ್ನು ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ 1952ರ ಗ್ರಂಥದಲ್ಲಿ ವಿವರಿಸಿದ್ದಾರೆ. ಹಿರಿಯರ ನೆನಪಿನ ಕೈಮಡ, ನೆಲ್ಲಕ್ಕಿ ನಡುಬಾಡೆಯ ದೀಪ, ಇವುಗಳಿಂದಾಗಿ ಸ್ಮರಣೆಯು ಈ ಮನೆಯ ರಚನೆಯಲ್ಲಿಯೇ ನೆಲೆಗೊಂಡಿದೆ. ಛಾಯಾಚಿತ್ರವೂ ಈ ಸ್ಮರಣ ಪರಂಪರೆಯೊಳಗೇ ಸೇರಿತು. ಹೀಗಾಗಿ ಗೋಡೆಯನ್ನು ಏರಿದವರು ಕುಪ್ಯ ತೊಟ್ಟು ಪೀಚೆಕತ್ತಿ ಧರಿಸಿದ ಹಿರಿಯರು, ಮಂಗಲದ ದಂಪತಿಗಳು, ಸೇನಾ ಸಮವಸ್ತ್ರದ ಮಕ್ಕಳು. ಅಕ್ಕಿಒಟ್ಟಿ ತಟ್ಟುವ ಕೈ, ಕಣದಲ್ಲಿ ಕಾಫಿ ಹರವುವ ಹೆಂಗಸು, ಐಮರದ ಮೇಲೆ ಸುಮ್ಮನೆ ಕುಳಿತ ಮುದುಕ ಚೌಕಟ್ಟಿನ ಹೊರಗೇ ಉಳಿದರು. ಕುಟುಂಬದ ಛಾಯಾಚಿತ್ರವು ವಿಶೇಷ ಸಂದರ್ಭಗಳನ್ನು ಗಂಭೀರಗೊಳಿಸಿ ಬಂಧುತ್ವವನ್ನು ದೃಢಪಡಿಸುತ್ತದೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1965ರಲ್ಲಿ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ನಿತ್ಯದ ಬದುಕಿನಲ್ಲಿಯೇ ಚೆಲುವನ್ನು ಕಂಡ ಕಣ್ಣು ಕನ್ನಡ ನಾಡಿನಲ್ಲಿ ಇಲ್ಲದಿರಲಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕ್ಯಾಮೆರಾ ಸಾಮಾನ್ಯರ ಕೆಲಸ, ವಿರಾಮ, ಮಕ್ಕಳ ಆಟಗಳನ್ನು ಯಾವ ಆಡಂಬರವೂ ಇಲ್ಲದೆ ಹಿಡಿಯಿತು. ಆದರೆ ಅದು ಬಹುಮಟ್ಟಿಗೆ ದಾರಿಹೋಕನ ಪ್ರೀತಿಯ ನೋಟ. ಅಲ್ಲಿನ ವ್ಯಕ್ತಿಗಳ ಹೆಸರು ತಿಳಿಯದಿದ್ದರೂ ಚಿತ್ರದ ಚೆಲುವು ಕುಂದುವುದಿಲ್ಲ. ಮನೆಯ ಚಿತ್ರದ ಸ್ಥಿತಿ ಬೇರೆ. ರೋಲಾಂ ಬಾರ್ತ್ ತಮ್ಮ 1980ರ ಕೃತಿಯಲ್ಲಿ ತಾಯಿಯ ಬಾಲ್ಯದ ಚಿತ್ರವೊಂದನ್ನು ಸುದೀರ್ಘವಾಗಿ ಚರ್ಚಿಸಿಯೂ ಅದನ್ನು ಅಚ್ಚು ಮಾಡಲಿಲ್ಲ. ಇತರರಿಗೆ ಅದು ಸಾಧಾರಣ ಚಿತ್ರವಾಗಿಯೇ ಕಾಣುತ್ತದೆಂಬುದು ಅವರ ಕಾರಣ. ಕುಟುಂಬಚಿತ್ರದ ಸೌಂದರ್ಯವು ಸಂಬಂಧದಲ್ಲಿದೆ. ಆ ಸಂಬಂಧವನ್ನು ತಿಳಿಸುವುದು ಚಿತ್ರದ ಮೇಲೆ ಬೆರಳಿಟ್ಟು ಹಿರಿಯರು ಹೇಳುವ ಮಾತು. ಚಿತ್ರ ಮತ್ತು ಮೌಖಿಕ ನಿರೂಪಣೆ ಸೇರಿಯೇ ಒಂದು ಪಠ್ಯವಾಗುತ್ತದೆ.

ಈ ಮಾತು ಕಳಚಿಹೋದರೆ ಉಳಿಯುವುದೇನು? 1868ರಿಂದ 1875ರ ಅವಧಿಯಲ್ಲಿ ಲಂಡನ್ನಿನಲ್ಲಿ ಎಂಟು ಸಂಪುಟಗಳಾಗಿ ಹೊರಬಂದ ‘ದ ಪೀಪಲ್ ಆಫ್ ಇಂಡಿಯಾ’ ಮಾಲೆಯು ಭಾರತದ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವರ್ಗೀಕರಿಸಿತು. ಒಕ್ಕದ ಸದಸ್ಯರು ಚದುರಿ, ಹೆಸರು ಹೇಳಬಲ್ಲವರು ಇಲ್ಲವಾದಾಗ ಮನೆಯ ಆಲ್ಬಮ್ಮೂ ಅದೇ ಗತಿಗೆ ಇಳಿಯುತ್ತದೆ. ಅಜ್ಜಿಯು ‘ಕೊಡವ ಉಡುಗೆಯ ಮಹಿಳೆ’ಯಾಗುತ್ತಾಳೆ. ಮೊಬೈಲ್ ಫೋನುಗಳು ನಿತ್ಯದ ಸಾವಿರಾರು ಕ್ಷಣಗಳನ್ನು ದಾಖಲಿಸುತ್ತಿದ್ದರೂ ಹೆಸರು, ಸಂದರ್ಭಗಳಿಲ್ಲದ ಆ ಸಮೃದ್ಧಿಯು ನೆನಪಾಗಿ ಉಳಿಯುವ ಭರವಸೆಯಿಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ದಕ್ಷಿಣ ಕೊಡಗಿನ ಗದ್ದೆ, ತೋಟಗಳ ಬದುಕು ಯರವ, ಕುರುಬ ಸಮುದಾಯಗಳ ದುಡಿಮೆಯನ್ನು ಅವಲಂಬಿಸಿ ಬೆಳೆದುದು. ಒಕ್ಕದ ಚಿತ್ರಗಳಲ್ಲಿ ಇಂಥವರು ಕಾಣಿಸಿಕೊಂಡರೂ ಅಂಚಿನಲ್ಲಿ, ಹೆಸರಿಲ್ಲದೆ ಇರುವ ಸಾಧ್ಯತೆಯೇ ಹೆಚ್ಚು. ಅವರ ಮನೆಗಳಲ್ಲಿ ತೂಗುಹಾಕಲು ಹಳೆಯ ಚಿತ್ರಗಳು ಎಷ್ಟಿವೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಕುಟುಂಬದ ಸೌಂದರ್ಯವನ್ನು ಕೊಂಡಾಡುವುದು ಅರ್ಧಸತ್ಯವಾದೀತು.

ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಐನ್‌ಮನೆಗಳನ್ನು ಶ್ರಮವಹಿಸಿ ದಾಖಲಿಸಿದ್ದಾರೆ. ಮುಂದಿನ ಕ್ಷೇತ್ರಕಾರ್ಯವು ಆ ಮನೆಗಳೊಳಗಿನ ಚಿತ್ರಗಳತ್ತ ತಿರುಗಬೇಕಾಗಿದೆ. ಚಿತ್ರದಲ್ಲಿರುವ ಎಲ್ಲರ ಹೆಸರು, ಅಂಚಿನಲ್ಲಿ ನಿಂತವರದೂ ಸೇರಿ, ತೆಗೆದವರು, ಸಂದರ್ಭ, ಅದನ್ನು ವಿವರಿಸಿದವರ ಮಾತು, ಇವಿಷ್ಟನ್ನೂ ಚಿತ್ರದೊಡನೆಯೇ ಸಂಗ್ರಹಿಸಬೇಕು. ವಿವರಿಸಬಲ್ಲ ಹಿರಿಯರು ಇರುವಾಗಲೇ ಇದು ನಡೆಯಬೇಕಾದ ಕೆಲಸ.