ಕೊಂಬಿನ ಬಣ್ಣ, ಚಾಸಿಯ ಬಿರುಕು

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳೋರನ್ನ ನೋಡಿದ್ದೀರಾ? ಕೆ.ಆರ್. ನಗರದ ಕಡೆಯ ರೈತ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ಗೊರಸು ಮುಟ್ತಾನೆ, ನಾಲ್ಕು ಹೆಜ್ಜೆ ನಡೆಸಿ ಅಂತಾನೆ. ಕೊಂಬಿಗೆ ಬಳಿದ ಬಣ್ಣಕ್ಕೆ ಒಂದು ರೂಪಾಯಿ ಹೆಚ್ಚು ಕೊಡಲ್ಲ. ಅವನ ಮೊಮ್ಮಗ, ಅಂದ್ರೆ ಲ್ಯಾಪ್‌ಟಾಪ್ ಬ್ಯಾಗಿನ ನಮ್ಮಂಥೋರು, ಭಾನುವಾರ ಹಳೇ ಜೀಪಿನ ಮುಂದೆ ನಿಂತು ನೋಡೋದು ಬರೀ ಕೊಂಬಿನ ಬಣ್ಣ.

ನನ್ನ ತಕರಾರು ಇರೋದು ರಿಸ್ಟೋರೇಶನ್ ಅಂತ ನಾವು ಚಪ್ಪಾಳೆ ತಟ್ಟುವ ಕೆಲಸದ ಬಗ್ಗೆ. ಮಿಲಿಟರಿ ಹಸಿರು, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಹೊಸ ಕ್ಯಾನ್ವಾಸ್. ಫೋಟೋಗೆ ಸಖತ್. ಕೆಳಗೆ ಮಾತ್ರ ದಪ್ಪನೆಯ ಕಪ್ಪು ಕೋಟಿಂಗ್. ಕತೆ ಇರೋದು ಆ ಕಪ್ಪಿನ ಅಡಿಯಲ್ಲೇ.

ಎರಡನೇ ಮಹಾಯುದ್ಧಕ್ಕೆ ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದರು. ಸೇನೆಯ ಲೆಕ್ಕದಲ್ಲಿ ಅದು ಕಾಲು ಟನ್ನಿನ ಗಾಡಿ. 1953ರಲ್ಲಿ ಬಂದ ಸಿಜೆ-3ಬಿ ಮಾದರಿ ಅಲ್ಲಿ 1968ಕ್ಕೆ ನಿಂತಿತು. ಇಲ್ಲಿ ಮಹೀಂದ್ರದವರು ಆ ವಂಶವನ್ನ ಬಹಳ ಕಾಲ ಬೆಳೆಸಿದರು. ಕಾಲು ಟನ್ ಅನ್ನೋದನ್ನ ನಮ್ಮ ಕಡೆ ಯಾರು ಕೇಳ್ತಾರೆ? ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬೇಲು, ಬ್ಯಾರನ್ನಿಗೆ ಸೌದೆ. ಎಚ್.ಡಿ. ಕೋಟೆ ಕಡೆ ಒಳಗೆ ಹತ್ತು ಜನ, ಹಿಂದೆ ನೇತಾಡೋರು ಬೇರೆ. ನಾನೂ ನೇತಾಡಿದ್ದೀನಿ.

ಒಂದೇ ಸಲದ ಭಾರಕ್ಕೆ ಚಾಸಿ ಮುರಿಯೋದು ಅಪರೂಪ. ಪ್ರತಿ ಗುಂಡಿಗೂ ಅದು ಚೂರು ತಿರುಚಿ ವಾಪಸ್ ಬರುತ್ತೆ. ಲಕ್ಷಾಂತರ ಸಲ ಹಾಗಾದ ಮೇಲೆ ಒತ್ತಡ ಗುಂಪುಗೂಡೋ ಜಾಗದಲ್ಲಿ, ಅಂದ್ರೆ ಬೋಲ್ಟಿನ ತೂತು, ಸ್ಪ್ರಿಂಗ್ ಹ್ಯಾಂಗರ್ ಮೂಲೆ, ಸ್ಟಿಯರಿಂಗ್ ಬಾಕ್ಸ್ ಕೂತ ಕಡೆ, ಕೂದಲೆಳೆಯಷ್ಟು ಬಿರುಕು ಹುಟ್ಟುತ್ತೆ. ಹತ್ತೋ ಜಾಗದ ಮೂಲೆಯಲ್ಲಿ ತಗಡು ಸೀಳಿದ್ರೆ ಅದು ಅಂದದ ಪ್ರಶ್ನೆ, ಬಿಡಿ. ಸ್ಟಿಯರಿಂಗ್ ಬಾಕ್ಸ್ ಹತ್ರದ್ದು ಪ್ರಾಣದ ಪ್ರಶ್ನೆ.

ಕಳೆದ ವರ್ಷ ನಾನೂ ಒಂದು ಜೀಪು ಕೊಳ್ಳೋಕೆ ಹೊರಟೆ. ಹುಣಸೂರಿನ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಬಾನೆಟ್ ಕೂಡ ಎತ್ತಲಿಲ್ಲ. 'ಬಣ್ಣ ಆಮೇಲ್ ನೋಡಿವ್ರಂತೆ ಸಾ, ಮೊದ್ಲು ಕೆಳಗ್ ಮಲಿಕ್ಕಳಿ' ಅಂದ್ರು. ವೈರ್ ಬ್ರಷ್‌ನಲ್ಲಿ ಕೋಟಿಂಗ್ ಉಜ್ಜಿ, ಸೀಮೆಎಣ್ಣೆ ಹಚ್ಚಿ, ಟೀ ಕುಡಿದು ಬಂದು ಒಣಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದರು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ್ರೆ ಬಿರುಕಿನೊಳಗೆ ಕೂತ ಎಣ್ಣೆ ಹೊರಗೆ ಬಂದು ಬಿಳಿ ಮೇಲೆ ಗೆರೆ ಮೂಡಿತು. ಬೋಲ್ಟಿನ ತೂತಿನಿಂದ ಶುರುವಾಗಿ ಚಾಸಿಯ ಕೆಳ ಅಂಚಿನ ತನಕ. ಅದರ ಮೇಲೆ ಯಾರೋ ಮೊದಲೇ ಒಂದು ಗೆರೆ ವೆಲ್ಡಿಂಗ್ ಎಳೆದು ಕಪ್ಪು ಬಳಿದಿದ್ರು. ಬಿರುಕು ವೆಲ್ಡಿಂಗ್ ಪಕ್ಕದಲ್ಲೇ ಹೊಸ ದಾರಿ ಮಾಡ್ಕೊಂಡಿತ್ತು.

ಇದನ್ನ ನಾನು ಕೆಟ್ಟ ಕೆಲಸ ಅಂತ ಮಾತ್ರ ಅನ್ನಲ್ಲ, ಸುಳ್ಳು ಅಂತೀನಿ. ಸರಿಯಾದ ಕೆಲಸಕ್ಕೆ ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಓಟ ನಿಲ್ಲಿಸಬೇಕು, ಬಿರುಕನ್ನ ಆಳಕ್ಕೆ ಗ್ರೈಂಡ್ ಮಾಡಿ ತುಂಬಬೇಕು, ಮೇಲೆ ತುದಿ ಚೂಪಾದ ಪಟ್ಟಿ ಹಾಕಬೇಕು. ಪಟ್ಟಿಯ ಅಂಚು ಚಾಸಿಗೆ ಅಡ್ಡವಾಗಿ ನೇರ ನಿಂತ್ರೆ ಮುಂದಿನ ಬಿರುಕು ಅಲ್ಲಿಂದಲೇ. ಇನ್ನು ಕೆಲವರು ಹೆದರಿ ಇಡೀ ಚಾಸಿಯನ್ನ ಡಬ್ಬಿ ಥರ ಮುಚ್ಚಿ ವೆಲ್ಡ್ ಮಾಡಿಸ್ತಾರೆ. ತಿರುಚೋಕೆ ಅಂತಲೇ ಮಾಡಿದ್ದನ್ನ ಬಿಗಿ ಮಾಡಿದ್ರೆ ಒತ್ತಡ ಪಕ್ಕದ ಮನೆಗೆ ಹೋಗುತ್ತೆ, ಅಷ್ಟೆ. ಮೇಲಿಂದ ನಾವು ಹಾಕಿಸೋ ಅಗಲದ ಟೈರು! ಅದರ ಎಳೆತವೆಲ್ಲ ಬಂದು ಬೀಳೋದು ಇದೇ ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳ ಮೇಲೆ.

ಒಳ್ಳೆ ರಿಪೇರಿ ಕಣ್ಣಿಗೆ ಕಾಣ್ಬೇಕು. ಗಾಯ ಎಲ್ಲಿತ್ತು, ಏನ್ ಮಾಡಿದೀವಿ ಅಂತ ತೋರಿಸೋ ಜೀಪಿಗೆ ನಾನು ಹೆಚ್ಚು ದುಡ್ಡು ಕೊಡ್ತೀನಿ.

ಆ ಜೀಪು ನಾನು ಕೊಳ್ಳಲಿಲ್ಲ. ಮಾರೋರಿಗೆ ಬಿರುಕು ತೋರಿಸಿದ್ರೆ 'ಇಷ್ಟು ದಿನ ಓಡಿಲ್ವಾ ಸಾರ್' ಅಂದ್ರು. ಎರಡು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ನೋಡಿದೆ, ಸಿಗ್ನಲ್‌ನಲ್ಲಿ. ಅದೇ ನಕ್ಷತ್ರ, ಟೈರು ಮಾತ್ರ ಹೊಸದು, ಇನ್ನೂ ಅಗಲ. ಕೂಗೋಷ್ಟರಲ್ಲಿ ಹಸಿರು ದೀಪ ಬಿತ್ತು. ಕೊಂಡವರು ಇದನ್ನ ಓದ್ತಿದ್ರೆ: ಬಲಗಡೆ, ಸ್ಟಿಯರಿಂಗ್ ಬಾಕ್ಸಿನ ಹಿಂದಿನ ಬೋಲ್ಟು. ಕೋಟಿಂಗ್ ಉಜ್ಜಿಸಿ, ಕೆಳಗೆ ಮಲಗಿ ನೋಡಿ.