ಮರಳಿನ ಲೆಕ್ಕವಿದೆ, ದಡದ ಲೆಕ್ಕವಿಲ್ಲ

ಕರಾವಳಿಯ ಹೊಳೆಗಳಲ್ಲಿ ಮರಳೆತ್ತಲು ಕಾನೂನು ಬಿಟ್ಟಿರುವ ದಾರಿ ಬಹಳ ಕಿರಿದು. ಸಿಆರ್‌ಝಡ್ ಎಂದೇ ಎಲ್ಲರೂ ಕರೆಯುವ ಕರಾವಳಿ ನಿಯಂತ್ರಣ ವಲಯದಲ್ಲಿ ಮರಳುಗಾರಿಕೆಯನ್ನು 2011ರ ಅಧಿಸೂಚನೆ ನಿಷೇಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ವಿನಾಯಿತಿ ಕೊಟ್ಟಿತು. ದೋಣಿಗಳ ಓಡಾಟಕ್ಕೆ ಅಡ್ಡಿಯಾಗುವ ಮರಳು ದಿಬ್ಬಗಳನ್ನು ಸಾಂಪ್ರದಾಯಿಕ ಕರಾವಳಿ ಸಮುದಾಯದವರು ಯಂತ್ರ ಬಳಸದೆ ತೆಗೆಯಬಹುದು ಎಂದಿತು. ದಿಬ್ಬ ಯಾವುದು, ಮರಳು ಎಷ್ಟು ಎಂಬುದನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಳು ಮಂದಿಯ ಸಮಿತಿ ನೋಡಿಕೊಳ್ಳಬೇಕು ಎಂದೂ ಹೇಳಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮರಳು ವ್ಯವಹಾರದ ದೊಡ್ಡ ಪಾಲು ವರ್ಷಗಟ್ಟಲೆ ನಡೆದದ್ದು ಈ ವಿನಾಯಿತಿಯ ಆಸರೆಯಲ್ಲೇ. ಇದರ ಬಗೆಗಿನ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು.

ಈ ವ್ಯವಸ್ಥೆಯ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ಕೈಯಿಂದ ತೆಗೆಯುವ ಮರಳಿಗೆ ತನ್ನದೇ ಒಂದು ಮಿತಿ ಇರುತ್ತದೆ. ಆಳು ಉಸಿರು ಕಟ್ಟಿ ಮುಳುಗಬೇಕು, ಬುಟ್ಟಿ ತುಂಬಿಕೊಂಡು ಮೇಲೆದ್ದು ದೋಣಿಗೆ ಸುರಿಯಬೇಕು. ದೋಣಿಯ ಅಂಚು ನೀರಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಮೈ ಸೋತಿರುತ್ತದೆ. ಪಂಪು ಹಚ್ಚಿದ ಡ್ರೆಜರಿಗೆ ಆ ದಣಿವಿಲ್ಲ. ಮರಳು, ಕೆಸರು, ಚಿಪ್ಪಿನ ಮರಿ ಎಂದು ನೋಡದೆ ಎಲ್ಲವನ್ನೂ ಹೀರಿಬಿಡುತ್ತದೆ. ಇನ್ನೊಂದು ಮಾತು: ಅಳಿವೆ ಬಾಗಿಲಲ್ಲಿ ಹೂಳು ತುಂಬಿದಾಗ ದೋಣಿ ದಿಬ್ಬಕ್ಕೆ ಬಡಿದು ಮಗುಚುತ್ತದೆ, ಮೀನುಗಾರರ ಜೀವ ಹೋಗುತ್ತದೆ. ಹೊಳೆಯ ಮರಳನ್ನು ಮುಟ್ಟಲೇಬಾರದು ಎನ್ನುವವರು ಈ ಸಾವುಗಳಿಗೂ ಉತ್ತರ ಕೊಡಬೇಕಾಗುತ್ತದೆ.

ಹಾಗಿದ್ದರೂ ಈ ನಿಯಮ ಬುಡದಲ್ಲೇ ಎಡವಿದೆ. ಅದರ ಕಣ್ಣಿಗೆ ದಿಬ್ಬವೆಂದರೆ ಬರೀ ಅಡ್ಡಿ. ಮಳೆಗಾಲದ ನೆರೆ ಮರಳನ್ನು ಕಡಲಿಗೆ ತಳ್ಳುತ್ತದೆ, ಮಳೆ ನಿಂತ ಮೇಲೆ ಅಲೆಗಳು ಅದರಲ್ಲಿ ಒಂದಿಷ್ಟನ್ನು ದಡಕ್ಕೆ ಮರಳಿಸುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ಹುಟ್ಟುವ ದಿಬ್ಬವೇ ಅಲೆಯ ಹೊಡೆತ ತಗ್ಗಿಸುತ್ತದೆ, ಉಪ್ಪುನೀರು ಒಳನುಗ್ಗುವುದನ್ನು ತಡೆಯುತ್ತದೆ. ತಳ ಆಳವಾದಷ್ಟೂ ಉಬ್ಬರ ಹೊಳೆಯಲ್ಲಿ ಮೇಲೇರುತ್ತದೆ, ದಡದ ಬಾವಿಗಳು ಉಪ್ಪಾಗುತ್ತವೆ, ದಂಡೆ ಕುಸಿದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಬಯಲಿಗೆ ಬೀಳುತ್ತದೆ.

ಇಂಥ ತಳದಲ್ಲಿ ಏನೆಲ್ಲ ಬದುಕುತ್ತದೆ ಎಂಬುದನ್ನು ಅಘನಾಶಿನಿಯಲ್ಲಿ ನೋಡಬೇಕು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತ ಹೆಂಗಸರು ಪಾದದಲ್ಲೇ ತಳವನ್ನು ತಡವುತ್ತಾರೆ, ಬಳಚು ಎಂಬ ಚಿಪ್ಪುಜೀವಿ ತಾಗಿದ ಕಡೆ ಬಗ್ಗಿ ಕೈಯಿಂದ ಹೆಕ್ಕುತ್ತಾರೆ. ಇಲ್ಲಿ ಸುಮಾರು 2,300 ಮಂದಿ ಚಿಪ್ಪು ಹೆಕ್ಕುವ ಕಸುಬಿನಲ್ಲಿದ್ದಾರೆಂದು ಒಂದೂವರೆ ದಶಕಕ್ಕೂ ಹಿಂದಿನ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಬಳಚು ನೀರು ಸೋಸಿ ಬದುಕುವ ಜೀವಿ. ಮೇಲೆದ್ದ ಕೆಸರು ಅದರ ಕಿವಿರು ಕಟ್ಟುತ್ತದೆ, ಮರಳು ಹೋದರೆ ಮರಿ ನೆಲೆಯೂರುವ ಜಾಗವೇ ಹೋಗುತ್ತದೆ. ದಿಬ್ಬ ತೆಗೆಯಲು ಪರವಾನಗಿ ಕೊಡುವಾಗ ಅಳೆಯುವುದು ನೀರಿನ ಆಳವನ್ನು, ಮರಳಿನ ಟನ್ನುಗಳನ್ನು. ಆ ಜಾಗದಲ್ಲಿ ಚಿಪ್ಪು ಹೆಕ್ಕುವವರು ಯಾರು, ಎಷ್ಟು ಹೆಕ್ಕುತ್ತಾರೆ ಎಂಬ ಲೆಕ್ಕ ಕೇಳುವವರಿಲ್ಲ.

ಇನ್ನು ಜಾರಿ. ಹಲವು ಕಡೆ ಪರವಾನಗಿ ಸ್ಥಳೀಯರ ಹೆಸರಿನಲ್ಲಿದೆ, ನೀರಿಗಿಳಿಯುವವರು ಉತ್ತರ ಪ್ರದೇಶ, ಬಿಹಾರದಿಂದ ಬಂದ ಕೂಲಿಯಾಳುಗಳು. ಸಮುದಾಯದ ಹೊಟ್ಟೆಪಾಡಿಗೆಂದು ಕೊಟ್ಟ ರಿಯಾಯಿತಿ ಗುತ್ತಿಗೆ ವ್ಯಾಪಾರವಾಗಿದೆ. ಅಧಿಕಾರಿಗಳು ಅಕ್ರಮ ದೋಣಿಗಳನ್ನು ಜಪ್ತಿ ಮಾಡುತ್ತಾರೆ, ಸರಿ. ಆದರೆ ತೆಗೆದ ಜಾಗದ ತಳ ಮರುವರ್ಷ ತುಂಬಿತೇ ಎಂಬುದನ್ನು ಊರಿನವರ ಮುಂದಿಡುವ ಪದ್ಧತಿ ಬೆಳೆದಿಲ್ಲ. ದೊಡ್ಡವರಿಗೆ ಕಾನೂನು ಇನ್ನೂ ಸಡಿಲ. ಬಂದರುಗಳಲ್ಲಿ ಪದೇಪದೇ ನಡೆಯುವ ನಿರ್ವಹಣಾ ಹೂಳೆತ್ತುವಿಕೆ ಮೂಲ ಯೋಜನೆಯಲ್ಲೇ ಸೇರಿದ್ದರೆ ಹೊಸದಾಗಿ ಪರಿಸರ ಅನುಮತಿ ಬೇಕಿಲ್ಲ. ಬುಟ್ಟಿ ಹಿಡಿದವನಿಗೆ ಸಮಿತಿ, ಡ್ರೆಜರಿಗೆ ವಿನಾಯಿತಿ ಎಂಬ ಈ ಭೇದ ದಡಕ್ಕೆ ಅರ್ಥವಾಗುವಂಥದ್ದಲ್ಲ.

ಹೊಳೆಯ ಮರಳು ಹೀಗೆ ಖಾಲಿಯಾಗುವುದರ ದಂಡ ಕಟ್ಟುವವರು ಯಾರೆಂದು ತಿಳಿಯಲು ಉಳ್ಳಾಲಕ್ಕೆ ಹೋಗಬೇಕು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುವ ಅಳಿವೆಯ ದಕ್ಷಿಣಕ್ಕೆ ಮನೆಗಳೂ ತೆಂಗಿನ ಮರಗಳೂ ಕಡಲ ಪಾಲಾಗಿವೆ. ದಡ ಉಳಿಸಲು ಲೋಡುಗಟ್ಟಲೆ ಬಂಡೆ ಸುರಿದದ್ದಾಯಿತು, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೆ ತಡೆಗಳನ್ನು ಕಟ್ಟಿದ್ದೂ ಆಯಿತು. ಕೊರೆತಕ್ಕೆ ಮರಳುಗಾರಿಕೆಯೊಂದೇ ಕಾರಣವಲ್ಲ. ಅಳಿವೆಯ ಬ್ರೇಕ್‌ವಾಟರ್‌ಗಳಿವೆ, ತುಂಬೆಯಂಥ ಕಡೆ ಮರಳನ್ನು ತಡೆದಿಡುವ ಅಣೆಕಟ್ಟುಗಳಿವೆ. ಆದರೆ ಕಡಲ ದಡಕ್ಕೆ ಮರಳು ಬರಬೇಕಾದದ್ದು ಹೊಳೆಯಿಂದ. ಆ ಮರಳನ್ನು ಲಾರಿಗೆ ತುಂಬಿ ಮಾರಿದ ಮೇಲೆ ಅದೇ ದಡವನ್ನು ಬಂಡೆ ಹಾಕಿ ಕಾಯುವುದು ಬುದ್ಧಿವಂತರ ಆಡಳಿತವಲ್ಲ.

ಹೀಗಾಗಿ ನಿಯಮವನ್ನು ರದ್ದು ಮಾಡುವುದಕ್ಕಿಂತ ತಿದ್ದುವುದು ಮೇಲು. ದೋಣಿ ದಾರಿಗಾಗಿ ತೆಗೆದ ಮರಳಿನ ಮೊದಲ ಹಕ್ಕು ಕೊರೆತಕ್ಕೆ ಸಿಕ್ಕ ದಡದ್ದಾಗಬೇಕು. ಮಾರಾಟದ ಮಾತು ಆಮೇಲೆ. ಆಳದ ಸಮೀಕ್ಷೆಯ ಜತೆಗೆ ಚಿಪ್ಪು, ಕಾಂಡ್ಲಾ, ಬಾವಿ ನೀರಿನ ಸಮೀಕ್ಷೆಯೂ ನಡೆದು, ಮೊದಲಿನ ಮತ್ತು ನಂತರದ ನಕ್ಷೆಗಳು ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳನ್ನು ತಡೆದು ಮೀನಿನ ಸಂತಾನಕ್ಕೆ ಬಿಡುವು ಕೊಡುವ ಸರ್ಕಾರ, ಚಿಪ್ಪು ಮೊಟ್ಟೆಯಿಡುವ ಕಾಲದಲ್ಲಿ ಹೊಳೆಯ ತಳಕ್ಕೂ ಅಂಥ ಬಿಡುವು ಕೊಡಬಲ್ಲದು. ಬಂದರಿನ ಡ್ರೆಜರಿಗೂ ಇದೇ ಕಟ್ಟಳೆ ಅನ್ವಯಿಸಬೇಕು. ಏಳು ಮಂದಿಯ ಸಮಿತಿಯಲ್ಲಿ ಚಿಪ್ಪು ಹೆಕ್ಕುವ ಹೆಂಗಸೊಬ್ಬಳಿಗೆ ಜಾಗ ಸಿಗಲಿ. ಯಾವ ದಿಬ್ಬ ದೋಣಿಗೆ ಅಡ್ಡಿ, ಯಾವುದು ಊರಿನ ಅನ್ನ ಎಂದು ತಳವನ್ನು ದಿನವೂ ಮುಟ್ಟಿ ಬಲ್ಲವರು ಅವರೇ; ಅವರ ಒಪ್ಪಿಗೆಯಿಲ್ಲದೆ ಯಾವ ಪರವಾನಗಿಗೂ ಸಹಿ ಬೀಳಬಾರದು.