ಕೋಟೆ ಕಟ್ಟಿದವನ ಹೆಣ

ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಿರಿ ಎಂದ ಸಂಪಾದಕ ಗೆಳೆಯರು ನಾನೊಂದು ಕನ್ನಡ ಕಾದಂಬರಿಯನ್ನು ಎತ್ತಿಕೊಳ್ಳುತ್ತೇನೆಂದು ಭಾವಿಸಿದ್ದಿರಬೇಕು. ನಾನು ಎತ್ತಿಕೊಂಡಿರುವುದು ಹೆಣಗಳು ಎದ್ದು ಬಂದು ಬದುಕಿದವರನ್ನು ತಿನ್ನುವ, ಬದುಕಿದವರು ಮನೆಯನ್ನೇ ಕೋಟೆ ಮಾಡಿಕೊಂಡು ಉಳಿಯಲು ಒದ್ದಾಡುವ ಒಂದು ಅಮೆರಿಕನ್ ಸಿನಿಮಾವನ್ನು. ಇದರಲ್ಲಿ ದಲಿತ ವಿಮರ್ಶೆಗೇನು ಕೆಲಸ ಅಂತ ಕೇಳುವವರು ಕೇಳಲಿ. ದಲಿತ ವಿಮರ್ಶೆ ಅಂದರೆ ದಲಿತರು ಬರೆದದ್ದನ್ನು, ದಲಿತರ ಬಗ್ಗೆ ಬರೆದದ್ದನ್ನು ಮಾತ್ರ ಓದುವುದು ಅನ್ನೋದು ನಮಗೆ ಹಾಕಿಕೊಟ್ಟ ಇನ್ನೊಂದು ಕೇರಿ. ಊರೊಳಗಿನ ಪಠ್ಯಗಳನ್ನು ಅವರು ಓದಿಕೊಳ್ಳುತ್ತಾರಂತೆ, ನಮ್ಮದನ್ನು ನಾವು ಓದಿಕೊಂಡಿರಬೇಕಂತೆ.

ಜಾರ್ಜ್ ರೊಮೆರೊನ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968) ಸಿನಿಮಾವನ್ನು ನಾನು ನೋಡಿದ್ದು ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ, ಗೋಡೆಗೆ ಬೆಡ್‌ಶೀಟು ಕಟ್ಟಿಕೊಂಡು, ಇಪ್ಪತ್ತು ಇಪ್ಪತ್ತೈದು ಹುಡುಗರ ಜೊತೆ. ಬಿಡುಗಡೆಯ ಹೊತ್ತಿಗೆ ಸಿನಿಮಾದ ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಹಾಗಾಗಿ ಅದು ಯಾರಪ್ಪನ ಸೊತ್ತೂ ಅಲ್ಲ, ಯಾರು ಎಲ್ಲಿ ಬೇಕಾದರೂ ತೋರಿಸಬಹುದು. ನಮ್ಮಂಥವರ ಕೈಗೆ ಸಿಕ್ಕಿದ್ದೂ ಹಾಗೆಯೇ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ಕೂತಿದ್ದ ಒಬ್ಬ ಹುಡುಗ, "ಸಾರ್, ಸತ್ತ ಮೇಲೂ ಅವ್ನನ್ನ ಕೈಲಿ ಮುಟ್ಲಿಲ್ಲ ನೋಡಿ" ಅಂದ. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ನೋಡದವರಿಗಾಗಿ ಕಥೆ ಇಷ್ಟು. ಪೆನ್ಸಿಲ್ವೇನಿಯಾದ ಹಳ್ಳಿಗಾಡು. ಸ್ಮಶಾನಕ್ಕೆ ಬಂದ ಅಣ್ಣ ತಂಗಿಯ ಮೇಲೆ ಎದ್ದ ಹೆಣವೊಂದು ಬೀಳುತ್ತದೆ. ಅಣ್ಣ ಸಾಯುತ್ತಾನೆ. ತಂಗಿ ಬಾರ್ಬರಾ ಓಡಿಬಂದು ಒಂಟಿ ತೋಟದ ಮನೆಯೊಂದನ್ನು ಸೇರುತ್ತಾಳೆ. ಅಲ್ಲಿಗೆ ಬರುವ ಇನ್ನೊಬ್ಬನ ಹೆಸರು ಬೆನ್. ಅವನು ಕಪ್ಪು ಮನುಷ್ಯ. ಹೊರಗೆ ಹೆಣಗಳು ಒಂದೊಂದಾಗಿ ಸೇರುತ್ತಿವೆ. ಬೆನ್ ಆ ಮನೆಯನ್ನು ಕೋಟೆ ಮಾಡಲು ನಿಲ್ಲುತ್ತಾನೆ.

ವಿಮರ್ಶಕರು ಅವಸರದಲ್ಲಿ ದಾಟಿಬಿಡುವ ಭಾಗ ಇದು. ನನಗೆ ಇದೇ ಮುಖ್ಯ. ಬೆನ್ ಮೇಜಿನ ಕಾಲು ಮುರಿಯುತ್ತಾನೆ, ಒಳಬಾಗಿಲುಗಳನ್ನು ಕಿತ್ತು ಕಿಟಕಿಗೆ ಅಡ್ಡ ಕೊಡುತ್ತಾನೆ, ಸಿಕ್ಕಸಿಕ್ಕ ಮೊಳೆಗಳನ್ನು ಆರಿಸಿಕೊಂಡು ಹಲಗೆಗಳನ್ನು ಜಡಿಯುತ್ತಾನೆ. ಕುರ್ಚಿಗೆ ಬೆಂಕಿ ಹಚ್ಚಿ ಹೊರಗೆ ತಳ್ಳುತ್ತಾನೆ. ಬೀರುವಿನಲ್ಲಿ ಸಿಕ್ಕ ಚಪ್ಪಲಿಯನ್ನು ತಂದು, ಕಂಗಾಲಾಗಿ ಕೂತ ಬಾರ್ಬರಾಳ ಕಾಲಿಗೆ ತಾನೇ ತೊಡಿಸುತ್ತಾನೆ. ಸಿನಿಮಾದ ಬಹಳ ಹೊತ್ತು ಬರೀ ಕೆಲಸ. ಕೆಲಸ ಗೊತ್ತಿದ್ದವನ ಕೆಲಸ. ಭಯಾನಕ ಸಿನಿಮಾ ನೋಡಲು ಬಂದವರಿಗೆ ಇದು ಬೇಜಾರಾಗಬಹುದು, ನಮ್ಮ ಹುಡುಗರಿಗೆ ಆಗಲಿಲ್ಲ. ಮೊಳೆ ಸರಿಯಾಗಿ ಕೂತಿತೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದರು.

ಕೆಲಸ ಬಹುಪಾಲು ಮುಗಿದ ಮೇಲೆ ನೆಲಮಾಳಿಗೆಯ ಬಾಗಿಲು ತೆರೆಯುತ್ತದೆ. ಇಷ್ಟು ಹೊತ್ತೂ ಕೆಳಗೆ ಐದು ಜನ ಬಿಳಿಯರಿದ್ದರು. ಹೆಂಗಸಿನ ಕಿರುಚಾಟ, ಸುತ್ತಿಗೆಯ ಸದ್ದು ಕೇಳಿಸಿಕೊಂಡೂ ಮೇಲೆ ಬಂದಿರಲಿಲ್ಲ. ಬಂದವನೇ ಹ್ಯಾರಿ ಕೂಪರ್ ಎಂಬ ಸಂಸಾರಸ್ಥ ಮಾಡುವ ಮೊದಲ ಕೆಲಸ, ಬೆನ್ ಕಟ್ಟಿದ್ದರಲ್ಲಿ ಹುಳುಕು ಹುಡುಕುವುದು. ನೆಲಮಾಳಿಗೆಗೆ ಒಂದೇ ಬಾಗಿಲು, ಅದೇ ಭದ್ರ ಅಂತ ಅವನು. ಒಂದೇ ಬಾಗಿಲೆಂದರೆ ಅದು ಬೋನು ಅಂತ ಬೆನ್. ಮುಂದೆ ಲಾರಿಗೆ ಎಣ್ಣೆ ತುಂಬಿಸಲು ಹೊರಗೆ ಹೋದ ಬೆನ್ ಜೀವ ಉಳಿಸಿಕೊಂಡು ಓಡಿ ಬಂದಾಗ ಕೂಪರ್ ಬಾಗಿಲು ತೆಗೆಯುವುದಿಲ್ಲ. ತಾನೇ ಭದ್ರಪಡಿಸಿದ ಮನೆಯ ಬಾಗಿಲನ್ನು ಬೆನ್ ತಾನೇ ಒದ್ದು ಒಳಗೆ ಬರಬೇಕಾಗುತ್ತದೆ. ಹೊರಗಿನ ಹೆಣಗಳಿಗಿಂತ ಮೊದಲು ಆ ಕೋಟೆಯನ್ನು ಮುರಿದದ್ದು ಒಳಗಿನವನ ಈ ಅಗುಳಿ.

ಕೊನೆಗೆ ಎಲ್ಲರೂ ಸಾಯುತ್ತಾರೆ. ಬೆನ್ ಒಬ್ಬನೇ, ತಾನು ಬೋನು ಎಂದಿದ್ದ ಅದೇ ನೆಲಮಾಳಿಗೆಯಲ್ಲಿ, ರಾತ್ರಿ ಕಳೆಯುತ್ತಾನೆ. ಇದನ್ನು ಹಿಡಿದುಕೊಂಡು, ಹಾಗಾದರೆ ಕೂಪರನೇ ಸರಿ ಹೇಳಿದ್ದ, ಇದೇ ಚಿತ್ರದ ವ್ಯಂಗ್ಯ ಎಂದು ವಾದಿಸುವವರಿದ್ದಾರೆ. ಇದು ಮೇಸ್ತ್ರಿಯ ಪ್ರಶ್ನೆ, ವಿಮರ್ಶಕನ ಪ್ರಶ್ನೆಯಲ್ಲ. ಯಾಕೆಂದರೆ ಬೆಳಗಾಗುತ್ತದೆ. ಷೆರೀಫನ ಹಿಂದೆ ಬಂದೂಕು ಹಿಡಿದ ಊರ ಗಂಡಸರು ನಾಯಿಗಳನ್ನು ಕರೆದುಕೊಂಡು, ಬೇಟೆಗೆ ಹೊರಟವರಂತೆ ಬರುತ್ತಾರೆ. ಸದ್ದು ಕೇಳಿ ಬೆನ್ ಮೇಲೆ ಬಂದು ಕಿಟಕಿಯಿಂದ ಇಣುಕುತ್ತಾನೆ. ಅವನ ಹಣೆಗೆ ಗುಂಡು ಹೊಡೆಯುತ್ತಾರೆ. ಇನ್ನೊಂದು ಹೆಣ ಅಂದುಕೊಂಡು ಹೊಡೆದರು ಎನ್ನೋಣ. ಆಮೇಲೆ ಸಿನಿಮಾ ಚಲಿಸುವುದನ್ನು ನಿಲ್ಲಿಸಿ ಪತ್ರಿಕೆಯ ಫೋಟೋಗಳ ಥರ ಒಂದೊಂದೇ ಸ್ಥಿರಚಿತ್ರವನ್ನು ತೋರಿಸುತ್ತದೆ. ಕಸಾಯಿಖಾನೆಯ ಕೊಕ್ಕೆಗಳಿಂದ ಬೆನ್‌ನ ಹೆಣವನ್ನು ಎಳೆದು ತಂದು, ಉಳಿದ ಹೆಣಗಳ ಜೊತೆ ರಾಶಿಗೆ ಹಾಕಿ ಬೆಂಕಿ ಕೊಡುತ್ತಾರೆ.

ಹುಡುಗನ ಮಾತಿಗೆ ಆ ರಾತ್ರಿ ನಾನು ತಕರಾರು ಮಾಡಿದೆ. ಅಲ್ಲಿ ಕೊಕ್ಕೆ ಹಾಕಿದ್ದು ಎಲ್ಲ ಹೆಣಗಳಿಗೂ, ರೋಗದ ಭಯಕ್ಕೆ; ಅದನ್ನು ನಮ್ಮ ಮೈಲಿಗೆ ಅಂತ ಓದಿದರೆ ಅಮೆರಿಕದ ಬಣ್ಣವನ್ನೂ ಇಲ್ಲಿನ ಜಾತಿಯನ್ನೂ ಒಂದೇ ತಕ್ಕಡಿಗೆ ಹಾಕಿದಂತಾಗುತ್ತದೆ ಅಂದೆ. ಈಗ ಯೋಚಿಸಿದರೆ ನನ್ನ ತಕರಾರು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ರಾತ್ರಿಯಿಡೀ ಬದುಕಿದ್ದವನನ್ನು ಹೆಣದ ಲೆಕ್ಕಕ್ಕೆ ಸೇರಿಸಲು ಒಂದು ನೋಟ ಸಾಕಾಯಿತಲ್ಲ, ಆ ನೋಟ ಎಲ್ಲಿಂದ ಬಂತು? ಸಿನಿಮಾ ತಯಾರಾಗಿ, ಅದರ ಪ್ರಿಂಟನ್ನು ಕಾರಿನಲ್ಲಿ ನ್ಯೂಯಾರ್ಕಿಗೆ ಒಯ್ಯುತ್ತಿದ್ದಾಗ, 1968ರ ಏಪ್ರಿಲ್ 4ರ ರಾತ್ರಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದೆವೆಂದು ರೊಮೆರೊ ಹೇಳಿಕೊಂಡಿದ್ದಾನೆ. ಮೆಂಫಿಸ್‌ನಲ್ಲಿ ಮುಷ್ಕರ ಹೂಡಿದ್ದ ಕಸ ಎತ್ತುವ ಕಾರ್ಮಿಕರ ಪರವಾಗಿ ಹೋಗಿದ್ದಾಗ ಕಿಂಗ್ ಕೊಲೆಯಾದದ್ದು. ಇದನ್ನು ನಾವು ಮರೆಯಬಾರದು.

ಇಲ್ಲಿಯೇ ನಮ್ಮ ವಿಮರ್ಶೆಯ ಹಳೆಯ ಜಗಳವೊಂದು ಎದುರಾಗುತ್ತದೆ. ಬೆನ್‌ನ ಬಣ್ಣ ಆಕಸ್ಮಿಕ, ಪರೀಕ್ಷೆಯಲ್ಲಿ ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ನಟಿಸಿದ, ಅದಕ್ಕೆ ಅವನನ್ನು ತಗೊಂಡೆ ಎಂದು ರೊಮೆರೊ ಮತ್ತೆ ಮತ್ತೆ ಹೇಳಿದ. ಅಷ್ಟೇ ತಾನೇ, ಲೇಖಕನೇ ಇಲ್ಲ ಅಂದ ಮೇಲೆ ನೀವ್ಯಾಕ್ರೀ ಎಲ್ಲದರಲ್ಲೂ ಜಾತಿ ಹುಡುಕ್ತೀರಿ ಅಂತ ಕನ್ನಡದ ಸಹೃದಯರು ನಮಗೆ ಹೇಳುತ್ತ ಬಂದಿರುವುದೂ ಇದನ್ನೇ. ಆದರೆ ಜೋನ್ಸ್ ಸುಮ್ಮನಿರಲಿಲ್ಲ. ಚಿತ್ರಕಥೆಯಲ್ಲಿ ಬೆನ್ ಒರಟು ಮಾತಿನ ಲಾರಿ ಡ್ರೈವರ್. ಓದಿದವನಾದ, ಮುಂದೆ ಕಾಲೇಜಿನಲ್ಲಿ ಪಾಠ ಹೇಳಿದ ಜೋನ್ಸ್ ಆ ಮಾತುಗಳನ್ನು ಬದಲಾಯಿಸಿ ಬೆನ್‌ಗೆ ಗಂಭೀರವಾದ ನುಡಿಯನ್ನು ಕೊಟ್ಟ. ನಿರ್ದೇಶಕನಿಗೆ ಕಾಣದ್ದು ನಟನಿಗೆ ಕಂಡಿತ್ತು, ಯಾಕೆಂದರೆ ಸಿನಿಮಾ ಮುಗಿದ ಮೇಲೂ ಆ ಮೈಯಲ್ಲಿ ರಸ್ತೆಗಿಳಿಯಬೇಕಾದವನು ಅವನು. ಉದ್ದೇಶ ಲೇಖಕನದಿರಬಹುದು. ಪಠ್ಯದ ಮೈ ಯಾರದು ಎಂಬುದನ್ನು ಲೇಖಕನೊಬ್ಬನೇ ತೀರ್ಮಾನಿಸಲಾರ.

ಕೋಟೆಯ ಕಡೆ ವಾಪಸು ಬರೋಣ. ಅಂಬೇಡ್ಕರ್ 'ದಿ ಅನ್‌ಟಚಬಲ್ಸ್' (1948) ಪುಸ್ತಕದಲ್ಲಿ ಒಂದು ಊಹೆಯನ್ನು ಮುಂದಿಡುತ್ತಾರೆ. ಬೇಸಾಯಕ್ಕೆ ನೆಲೆನಿಂತ ಬುಡಕಟ್ಟುಗಳಿಗೆ ದಾಳಿಕೋರರ ಭಯ. ಕಾವಲಿಗೆ ಜನ ಬೇಕು. ಯುದ್ಧದಲ್ಲಿ ಸೋತು ಛಿದ್ರವಾದ ಬುಡಕಟ್ಟುಗಳ ಜನರಿಗೆ ಅನ್ನ, ಆಸರೆ ಬೇಕು. ಒಪ್ಪಂದವಾಯಿತು. ಆದರೆ ಅವರು ರಕ್ತಸಂಬಂಧಿಗಳಲ್ಲ, ಹಾಗಾಗಿ ಊರೊಳಗೆ ಜಾಗವಿಲ್ಲ. ದಾಳಿಗೆ ಮೊದಲು ಎದೆ ಕೊಡಬೇಕಾದವರು, ಹಾಗಾಗಿ ಇರಬೇಕಾದ್ದು ಊರ ಅಂಚಿನಲ್ಲಿ. ಇತಿಹಾಸಕಾರರು ಇದನ್ನು ಒಪ್ಪಲಿ ಬಿಡಲಿ, ಕೋಟೆಯ ಕುರಿತು ಇದಕ್ಕಿಂತ ಆಳವಾದ ಮಾತನ್ನು ನಾನು ಓದಿಲ್ಲ. ನಾವು ಕೋಟೆಯ ಹೊರಗೆ ಉಳಿದವರಲ್ಲ. ಕೋಟೆಯ ಮೊದಲ ಸುತ್ತೇ ನಾವು. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುವಾಗ ಒನಕೆ ಹಿಡಿದು ನಿಂತವಳು ಅರಮನೆಯವಳಲ್ಲ, ಕಾವಲುಗಾರನ ಹೆಂಡತಿ. ಛಲವಾದಿಗಳು ಓಬವ್ವನನ್ನು ತಮ್ಮವಳೆಂದೇ ಹೇಳಿಕೊಳ್ಳುತ್ತಾರೆ. 'ನಾಗರಹಾವು' (1972) ಸಿನಿಮಾದಲ್ಲಿ ಅವಳ ಕಥೆ ಬಂದಾಗ ಶಿಳ್ಳೆ ಹೊಡೆದ ಯಾರೂ, ಆ ಏಳು ಸುತ್ತಿನಲ್ಲಿ ಅವಳ ಮನೆ ಎಷ್ಟನೆಯ ಸುತ್ತಿನಲ್ಲಿತ್ತು ಅಂತ ಕೇಳಲಿಲ್ಲ.

ಇನ್ನು ಹೊರಗಿರುವ ಆ ಹೆಣಗಳು ಯಾರು? ರೊಮೆರೊನ ಈ ಸಿನಿಮಾದಲ್ಲಿ ಜಾಂಬಿ ಎಂಬ ಪದ ಒಮ್ಮೆಯೂ ಬರುವುದಿಲ್ಲ, ಅದು ಆಮೇಲೆ ಅಂಟಿಕೊಂಡಿದ್ದು. ಪದ ಹೈಟಿ ದ್ವೀಪದ್ದು. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ಸಾಯುವವರೆಗೆ ದುಡಿದರು. ಸತ್ತರೆ ಪೂರ್ವಿಕರ ನಾಡಿಗೆ ಮರಳುತ್ತೇವೆ ಎಂಬುದೊಂದೇ ಅವರಿಗಿದ್ದ ಬಿಡುಗಡೆ. ಆ ಬಿಡುಗಡೆಯೂ ಇಲ್ಲದವನು ಜಾಂಬಿ. ಅವನನ್ನು ಗೋರಿಯಿಂದ ಎಬ್ಬಿಸಿ ತಂದು ಮತ್ತೆ ದುಡಿಸುತ್ತಾರೆ. 1791ರಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿಕೊಂಡರೂ ಈ ಭಯ ಹೋಗಲಿಲ್ಲ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಆಳಿದಾಗ, ವಿಲಿಯಂ ಸೀಬ್ರೂಕ್ ಎಂಬ ಬಿಳಿಯ ಪ್ರವಾಸಿ 1929ರ ತನ್ನ ಪುಸ್ತಕದಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿಯುವ ಹೆಣಗಳ ಕಥೆಯನ್ನು ಬರೆದ. 1932ರಲ್ಲಿ 'ವೈಟ್ ಜಾಂಬಿ' ಸಿನಿಮಾ ಬಂತು, ಅದರಲ್ಲಿ ಜಾಂಬಿಗಳು ಸಕ್ಕರೆ ಗಿರಣಿ ತಿರುಗಿಸುತ್ತಾರೆ.

ಅಪ್ಪ ಸತ್ತರೂ ಸಾಲ ಸಾಯದೆ ಮಗ ಜೀತಕ್ಕೆ ನಿಂತ ಮನೆಗಳಿಂದ ಬಂದ ನಮಗೆ ಈ ಕಥೆಯನ್ನು ಯಾರೂ ವಿವರಿಸಬೇಕಿಲ್ಲ. 1976ರ ಕಾಯ್ದೆ ಬಂದ ಮೇಲೂ ಎಷ್ಟೋ ಹಟ್ಟಿಗಳಲ್ಲಿ ಆ ಲೆಕ್ಕ ಹರಿಯಲಿಲ್ಲ. ಹೈಟಿಯ ಕಥೆಯಲ್ಲಿ ಇನ್ನೊಂದು ಮಾತಿದೆ. ಜಾಂಬಿಗೆ ಉಪ್ಪು ಹಾಕಿ ಅನ್ನ ಕೊಡಬಾರದು. ಉಪ್ಪು ನಾಲಿಗೆಗೆ ತಾಗಿದರೆ ತಾನು ಸತ್ತಿದ್ದೇನೆಂದು ಅವನಿಗೆ ಅರಿವಾಗಿ, ಕೆಲಸ ಬಿಟ್ಟು ತನ್ನ ಗೋರಿಯತ್ತ ನಡೆಯುತ್ತಾನೆ. ನಮ್ಮಲ್ಲಿ ಉಪ್ಪಿನ ಋಣ ಅಂತ ಹೇಳಿ ಹೇಳಿಯೇ ಕಟ್ಟಿಹಾಕಿದರು. ಅಲ್ಲಿ ಉಪ್ಪೇ ಕಟ್ಟು ಬಿಚ್ಚುತ್ತದೆ.

ಹೀಗೆ ಗುಲಾಮನ ದುಃಸ್ವಪ್ನವಾಗಿದ್ದ ಜಾಂಬಿ ಅಮೆರಿಕದ ತೆರೆಯ ಮೇಲೆ ಯಜಮಾನನ ದುಃಸ್ವಪ್ನವಾಯಿತು. ದುಡಿಯುವ ಹೆಣ ಹೋಗಿ ಬಾಗಿಲು ಬಡಿಯುವ ಹೆಣ ಬಂತು. ಅಂದಿನಿಂದ ಈ ಕಥೆಗಳು ನೋಡುವವರನ್ನು ತಪ್ಪದೆ ಬಾಗಿಲ ಒಳಗಡೆಯೇ ಕೂರಿಸುತ್ತವೆ. ಕಾನ್ಸಾಸ್‌ನಲ್ಲಿ ಹಳೆಯ ಕ್ಷಿಪಣಿ ಗುಂಡಿಯೊಂದನ್ನು ನೆಲದಡಿಯ ಹದಿನೈದು ಅಂತಸ್ತಿನ ಮನೆ ಮಾಡಿ, ಒಂದು ಪೂರ್ತಿ ಅಂತಸ್ತಿಗೆ 30 ಲಕ್ಷ ಡಾಲರಿನಂತೆ ಮಾರಿದರು. ಒಳಗೆ ಈಜುಕೊಳವೂ ಇದೆ. ದಕ್ಷಿಣ ಡಕೋಟಾದಲ್ಲಿ ಸೈನ್ಯ 1942ರಲ್ಲಿ ಮದ್ದುಗುಂಡು ಇಡಲು ಕಟ್ಟಿದ 575 ಕಾಂಕ್ರೀಟ್ ಕೋಣೆಗಳನ್ನು ಪ್ರಳಯಕ್ಕೆ ಹೆದರುವವರಿಗೆ ಗುತ್ತಿಗೆಗೆ ಕೊಡುತ್ತಿದ್ದಾರೆ. ಆ ನೆಲ 1868ರ ಒಪ್ಪಂದದಲ್ಲಿ ಲಕೋಟ ಜನರಿಗೆಂದು ಬಿಟ್ಟ ನೆಲದೊಳಗಿನದು. ಅವರ ಪ್ರಳಯ ಯಾವತ್ತೋ ಬಂದು ಹೋಗಿದೆ. ನಮ್ಮಲ್ಲೂ 2020ರಲ್ಲಿ ಕೊರೋನಾ ಬಂದಾಗ ಎಷ್ಟೋ ಊರುಗಳು ದಾರಿಗೆ ಮುಳ್ಳು ಕಡಿದು ಹಾಕಿಕೊಂಡವು. ನಗರದಲ್ಲಿ ಅಪಾರ್ಟ್‌ಮೆಂಟುಗಳ ಗೇಟು ಬಿತ್ತು. ಕಸದ ಗಾಡಿ ಮಾತ್ರ ಬೆಳಿಗ್ಗೆ ಬರಲೇಬೇಕಿತ್ತು.

ರೊಮೆರೊಗೆ ಇದೆಲ್ಲ ನಿಧಾನಕ್ಕೆ ತಿಳಿಯಿತು ಅನ್ನಿಸುತ್ತದೆ. 2005ರ 'ಲ್ಯಾಂಡ್ ಆಫ್ ದಿ ಡೆಡ್' ಕಲೆಯಾಗಿ ಮೊದಲನೆಯದರಷ್ಟು ಗಟ್ಟಿಯಲ್ಲ, ಆದರೆ ನಮಗೆ ಹೆಚ್ಚು ಹತ್ತಿರ. ಅಲ್ಲಿ ಇಡೀ ನಗರಕ್ಕೇ ಬೇಲಿ. ನಡುವೆ ಶ್ರೀಮಂತರ ಗೋಪುರ, ಸುತ್ತ ಬಡವರ ಬೀದಿ. ಗೋಪುರದ ಒಡೆಯ ಕಾಫ್‌ಮನ್‌ಗೆ ಬೇಡವಾದವರ ಹೆಣವನ್ನು ಕಸದ ಜೊತೆ ಸಾಗಿಸುವ ಕೆಲಸ ಚೋಲೊ ಎಂಬವನದು. ಅವನು ಹಣ ಕೂಡಿಸಿಕೊಂಡು ಗೋಪುರದಲ್ಲೊಂದು ಮನೆ ಕೇಳಲು ಹೋಗುತ್ತಾನೆ. ಕಾಫ್‌ಮನ್ ಬೈಯುವುದಿಲ್ಲ. ನಗುತ್ತಲೇ, ಕಾದಿರುವವರ ಪಟ್ಟಿ ಉದ್ದವಿದೆ ಅನ್ನುತ್ತಾನೆ. ಬಾಡಿಗೆ ಮನೆ ಹುಡುಕುತ್ತ ಅಲೆದಾಗ, ಅಡ್ವಾನ್ಸು ಕೈಯಲ್ಲಿ ಹಿಡಿದು ನಿಂತ ನನಗೂ, "ನಿಮ್ಮ ಊಟ ತಿಂಡಿ ಹ್ಯಾಗೆ?" ಎಂದು ಕೇಳಿದ ಮೇಲೆ, "ಮನೆ ನಿನ್ನೇನೇ ಹೋಯ್ತಲ್ಲಾ" ಅಂತ ನಗುತ್ತಲೇ ಹೇಳಿದರು. ಹದಿನೈದು ದಿನ ಕಳೆದು ಹೋದರೂ ಗೇಟಿನಲ್ಲಿ ಬೋರ್ಡು ತೂಗುತ್ತಿತ್ತು.

ಅದೇ ಸಿನಿಮಾದಲ್ಲಿ ಹೆಣಗಳಿಗೊಬ್ಬ ನಾಯಕ ಹುಟ್ಟುತ್ತಾನೆ. ಬದುಕಿದ್ದಾಗ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಕಪ್ಪು ಮನುಷ್ಯ. ಸತ್ತ ಮೇಲೂ ಕೆಲಸದ ಅಂಗಿಯಲ್ಲೇ ಇದ್ದಾನೆ. ಅವನು ತನ್ನವರನ್ನು ಕಟ್ಟಿಕೊಂಡು ನದಿ ದಾಟಿ ಬಂದು ಗೋಪುರವನ್ನು ಒಡೆಯುತ್ತಾನೆ. ಕಡೆಯಲ್ಲಿ ಅವರು ಸೇತುವೆಯ ಮೇಲೆ ನಡೆದು ಹೋಗುವಾಗ ಬದುಕುಳಿದ ಬಿಳಿಯರು ಗುರಿ ಹಿಡಿಯುತ್ತಾರೆ. ಅವರಲ್ಲೊಬ್ಬ ಬೇಡ ಅನ್ನುತ್ತಾನೆ. ಅವರೂ ನಮ್ಮ ಹಾಗೆ ಇರಲೊಂದು ಜಾಗ ಹುಡುಕುತ್ತಿದ್ದಾರೆ ಅಷ್ಟೇ ಅನ್ನುತ್ತಾನೆ. ಗುಂಡು ಹಾರುವುದಿಲ್ಲ. 1968ರ ಆ ಬೆಳಗಿಗೆ 37 ವರ್ಷಗಳ ಮೇಲೆ ರೊಮೆರೊ ಕೊಟ್ಟ ಉತ್ತರ ಇದು ಎಂದು ನಾನು ಹುಡುಗರಿಗೆ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ಕೊಕ್ಕೆಯ ಮಾತಾಡಿದ್ದ ಹುಡುಗ ಒಪ್ಪಲಿಲ್ಲ. "ಬಂದೂಕ ಇನ್ನೂ ಅವ್ರ ಕೈಲೇ ಐತಲ್ಲ ಸಾರ್" ಅಂದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ತಟ್ಟೆ ತಗೊಂಡು ಎಲ್ಲರೂ ಎದ್ದರು.